ದುಂಡು ಮೇಜಿನಡಿಯ ಪಾಲಿಶಕ್ಕ

ಮೊದಲು ಮಾಲು ನೋಡೋಣ. ಎತ್ತರ ಐದಡಿಗೆ ಎರಡಂಗುಲ ಕಮ್ಮಿ. ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಇಳಿದಿದೆ. ಅರ್ಧ ಆಯಸ್ಸು ಒಂದೇ ಕೈಯಲ್ಲಿ ಉಜ್ಜಿದರೆ ಎಂಥ ಚೌಕಟ್ಟೂ ವಾಲುತ್ತದೆ. ಮಂಡಿಯ ಕೀಲುಗಳು ಕೂರುವಾಗ ಏಳುವಾಗ ಕಿರ್ರೆನ್ನುತ್ತವೆ, ಆದರೆ ಸಡಿಲವಾಗಿಲ್ಲ. ಬೆರಳ ತುದಿಗೆ ಹತ್ತಿದ ಅರಗಿನ ಕೆಂಪು ಯಾವ ಸೋಪಿಗೂ ಜಗ್ಗಿಲ್ಲ. ಮೈ ಒರಟು, ನಾಲಿಗೆ ಇನ್ನೂ ಒರಟು. ಒಳಗೆ ಹುಳ ಹಿಡಿದಿಲ್ಲ. ಗಿರಾಕಿಗಳು ಕಣ್ಣೆತ್ತಿಯೂ ನೋಡದೆ ಮುಂದೆ ಹೋಗುವ, ನುರಿತ ವ್ಯಾಪಾರಿ ಮಾತ್ರ ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು ಕೇಳುವ ಮಾಲು. ನಾನು ನುರಿತವನೇ. ಆದರೂ ಮೊದಲ ಸಲ ಕಂಡಾಗ ತಪ್ಪು ಬೆಲೆಯನ್ನೇ ಕಟ್ಟಿದೆ.

ನನ್ನದು ಹಳೆಯ ಮರದ ಸಾಮಾನುಗಳ ಅಂಗಡಿ. ಮನೆ ಖಾಲಿ ಮಾಡುವವರಿಂದ ಮೇಜು, ಮಂಚ, ಬೀರು ಕೊಂಡು, ಉಜ್ಜಿಸಿ, ಪಾಲಿಶ್ ಹಾಕಿಸಿ, ಹೊಸದಕ್ಕಿಂತ ಇದೇ ವಾಸಿ ಎಂದು ಗಿರಾಕಿಗೆ ಒಪ್ಪಿಸಿ ಮಾರುವುದು ಕಸುಬು. ಇಪ್ಪತ್ತಾರು ವರ್ಷದ ಹಿಂದೆ ಒಂದು ಮಧ್ಯಾಹ್ನ ಈ ಹೆಂಗಸು ಒಂದು ಸ್ಟೂಲನ್ನು ಸೊಂಟಕ್ಕೆ ಏರಿಸಿಕೊಂಡು ಮಾರಲು ಬಂದರು. ನಾನು ಗಲ್ಲಾದ ಹಿಂದಿನಿಂದ ಏಳದೆಯೇ, “ಕಾಡುಮರ. ಹೆಚ್ಚೆಂದ್ರೆ ಐವತ್ತು” ಎಂದೆ.

“ಮರ ಕಾಡಲ್ಲಿ ಬೆಳೀದೆ ಇನ್ನೇನು ನಿಮ್ಮ ಗಲ್ಲಾದಲ್ಲಿ ಬೆಳೆಯುತ್ತಾ, ಸಾಹುಕಾರ್ರೇ?”

ಚೀಲದಿಂದ ಇಕ್ಕಳ ತೆಗೆದು, ಸ್ಟೂಲಿನ ಕಾಲಿನಿಂದ ಒಂದು ಮೊಳೆ ಕಿತ್ತು ನನ್ನ ಮುಂದಿಟ್ಟರು. ಮೊಳೆ ನಿನ್ನೆ ಕೊಂಡು ತಂದದ್ದರಂತೆ ಹೊಳೆಯುತ್ತಿತ್ತು. ತೇಗದ ಮೈಯಲ್ಲಿ ಎಣ್ಣೆಯಿದೆ, ಒಳಗೆ ಹೋದ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ, ಬೇರೆ ಮರವಾಗಿದ್ದರೆ ಅರ್ಧ ಮೊಳೆ ಅಲ್ಲೇ ಮುರಿದಿರುತ್ತಿತ್ತು ಎಂದು ಪಾಠ ಹೇಳಿದರು. ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಹಳೆಯ ಹಲಗೆಗಳಿಂದ ಮೊಳೆ ಕೀಳುವುದೇ ಅವರ ಕೆಲಸವಾಗಿತ್ತಂತೆ. ಮೊಳೆ ಬರುವ ಬಿಗಿ, ಮಾಡುವ ಸದ್ದು, ಬಿಟ್ಟುಹೋಗುವ ವಾಸನೆ, ಇಷ್ಟರಲ್ಲೇ ಮರ ಯಾವುದೆಂದು ಹೇಳುತ್ತಿದ್ದರು. ಕಾರ್ಖಾನೆ ಮುಚ್ಚಿದ್ದರಿಂದ ಮನೆಯ ಸ್ಟೂಲು ಮಾರಲು ಬಂದಿದ್ದರು. ಸ್ಟೂಲು ಕೊಂಡೆ, ಅವರನ್ನೂ ಹಿತ್ತಿಲ ಶೆಡ್ಡಿಗೆ ಪಾಲಿಶ್ ಕೆಲಸಕ್ಕೆ ಕರೆದೆ. ಅಂದಿನಿಂದ ಅವರು ಬೀದಿಗೆಲ್ಲ ಪಾಲಿಶಕ್ಕ.

ಅವರ ಗಂಡ ಒಂದು ಗೋದಾಮಿನ ಕಾವಲುಗಾರ. ಅವರು ಮನೆಗೆ ಬರುವ ಹೊತ್ತಿಗೆ ಇವರು ಹೊರಡಬೇಕು. “ಇಬ್ರೂ ಒಟ್ಟಿಗೆ ಎಚ್ಚರ ಇರೋದು ದಿನಕ್ಕೆ ಮೂರು ಗಂಟೆ. ಅದಕ್ಕೇ ಸಂಸಾರ ಇನ್ನೂ ನಿಂತಿದೆ” ಎನ್ನುತ್ತಿದ್ದರು. ಮನೆಯಲ್ಲಿ ಅತ್ತೆಯೂ ಇದ್ದರು. ಒಮ್ಮೆ ಅಂಗಡಿಗೆ ಬಂದ ಆ ಮುದುಕಿ, ಸೊಸೆಯ ಕಾಲೆರಡು ಮಾತ್ರ ಮೇಜಿನ ಕೆಳಗಿನಿಂದ ಹೊರಚಾಚಿರುವುದನ್ನು ನೋಡಿ, “ಮನೇಲಿ ಮಂಚದ ಮೇಲೆ ಮಲಗೋಕೆ ಪುರುಸೊತ್ತಿಲ್ಲ, ಇಲ್ಲಿ ಮೇಜಿನ ಕೆಳಗೆ ಮಲಗ್ತಾಳೆ ಮಹಾರಾಣಿ” ಎಂದು ಮೂಗು ಮುರಿದಿದ್ದರು. ಒಳಗಿನಿಂದ ದನಿ ಬಂತು: “ಇಲ್ಲಿ ನಿಮ್ಮ ಗೊರಕೆ ಕೇಳಿಸಲ್ಲ, ಅತ್ತೆ.”

ಮೇಜಿನ ಯೋಗ್ಯತೆ ಗೊತ್ತಾಗುವುದು ಕೆಳಗಿನಿಂದಲೇ ಎನ್ನುವುದು ಅಕ್ಕನ ಮತ. ಮೇಲ್ಭಾಗವನ್ನು ಎಲ್ಲರೂ ಒರೆಸುತ್ತಾರೆ, ಕೆಳಭಾಗಕ್ಕೆ ಯಾರೂ ಸುಳ್ಳು ಹೇಳಿಕೊಡುವುದಿಲ್ಲ. ಆದರೆ ಬೆಲೆಯನ್ನು ಅವರು ಎಂದೂ ಹೇಳಿದವರಲ್ಲ. “ಏನು ಅಂತ ನಾನು ಹೇಳ್ತೀನಿ. ಎಷ್ಟು ಅಂತ ನೀವು ಹೇಳಿ. ಪಾಪ ಹಂಚಿಕೊಂಡ್ರೆ ಇಬ್ಬರಿಗೂ ಹಗುರ.”

ನನಗೆ ಅಷ್ಟು ತಾಳ್ಮೆಯಿಲ್ಲ. ನನ್ನದು ಹೆಬ್ಬೆರಳಿನ ಪರೀಕ್ಷೆ. ಗಟ್ಟಿ ಹಲಗೆಯ ಮೇಜಾದರೆ ಮೇಲಿನ ಮರದ ಎಳೆ ಅಂಚಿನವರೆಗೂ ಬಂದು ಅಲ್ಲಿ ಕತ್ತರಿಸಿದಂತೆ ಕಾಣುತ್ತದೆ. ಪುಡಿಹಲಗೆಯ ಮೇಲೆ ತೆಳ್ಳನೆಯ ಮರದ ಹಾಳೆ ಅಂಟಿಸಿದ ಮೇಜಾದರೆ, ಆ ಗುಟ್ಟು ರಟ್ಟಾಗದಂತೆ ಅಂಚಿಗೆ ಸುತ್ತಲೂ ಒಂದು ಪಟ್ಟಿ ಹೊಡೆದಿರುತ್ತಾರೆ. ಅಂಚಿಗೆ ಪಟ್ಟಿ ಸಿಕ್ಕಿತೋ, ಅದು ಹಾಳೆ ಮೇಜು. ಈ ಒಂದು ಸೂತ್ರದಿಂದ ನಾನು ಅರ್ಧ ನಿಮಿಷದಲ್ಲಿ ಬೆಲೆ ಹೇಳಿ ಇನ್ನೊಂದು ಮನೆಗೆ ಹೋಗುತ್ತಿದ್ದೆ. ನಮ್ಮ ಬೀದಿಯ ವ್ಯಾಪಾರಿಗಳೆಲ್ಲ ಹಾಗೆಯೇ.

ಏಳು ವರ್ಷದ ಹಿಂದೆ ಮೂರನೇ ಮಹಡಿಯ ಒಂದು ಬಾಡಿಗೆ ಮನೆಯಿಂದ ಕರೆ ಬಂತು. ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಯಜಮಾನರು ತೀರಿಕೊಂಡಿದ್ದರು. ಮಗನದು ಔಷಧಿ ಅಂಗಡಿ, ಮಗಳು ಹೊಲಿಗೆಯವಳು. ಉಳಿದ ಸಾಮಾನೆಲ್ಲ ಚಿಲ್ಲರೆ, ಬೆಲೆ ಬಾಳಬಹುದಾದದ್ದು ನಾಲ್ಕಡಿ ಅಗಲದ ಒಂದು ದುಂಡು ಮೇಜು, ನಡುವೆ ಒಂದೇ ದಪ್ಪ ಕಾಲು. ಅವತ್ತು ಕರೆಂಟಿರಲಿಲ್ಲ. ಮೇಜಿನ ಮೇಲೆ ಪಾತ್ರೆ, ಕಂಬಳಿ, ಕೆಟ್ಟ ಫ್ಯಾನು ಎಲ್ಲ ಪೇರಿಸಿತ್ತು, ಎತ್ತಿ ನೋಡುವ ಮಾತೇ ಇಲ್ಲ. ಅಂಚಿಗೆ ಹೆಬ್ಬೆರಳಿಟ್ಟೆ. ಪಟ್ಟಿ. ಬಗ್ಗಿದೆ. ಕೆಳಗೆಲ್ಲ ಕಪ್ಪು ಬಣ್ಣ ಬಳಿದಿತ್ತು. ಇನ್ನೇನು ಬೇಕು?

“ಹಾಳೆ ಮೇಜು. ಹನ್ನೆರಡು ಸಾವಿರ ಕೊಡ್ತೀನಿ.”

“ಅಪ್ಪ ಗಟ್ಟಿ ತೇಗ ಅಂತಿದ್ರು” ಎಂದಳು ಮಗಳು.

ಅಣ್ಣ ನಕ್ಕ. “ಅಪ್ಪ ಆ ಗೋಡೆ ಗಡಿಯಾರಾನೂ ಬೆಳ್ಳೀದು ಅಂತಿದ್ರು.”

ಅವಳು ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಮಿಷನ್ ಇಟ್ಟುಕೊಂಡು ಹೊಲಿಯುತ್ತಿದ್ದಳು. ಮೇಲೆ ಹತ್ತುವವರ ಚಪ್ಪಲಿಯ ಮಣ್ಣು ಗಿರಾಕಿಗಳ ಬಟ್ಟೆಯ ಮೇಲೆ ಉದುರುತ್ತಿತ್ತು. ಎದುರು ಬೀದಿಯಲ್ಲಿ ಒಂದು ಕೋಣೆ ಸಿಕ್ಕಿತ್ತು, ಮುಂಗಡ ಮೂವತ್ತೈದು ಸಾವಿರ. ಮೇಜಿನ ಬೆಲೆಯ ಅರ್ಧ ಪಾಲಿನ ಮೇಲೆ ಅವಳ ಆಸೆಯೆಲ್ಲ ನಿಂತಿತ್ತು. ನನ್ನ ಬೆಲೆಗೆ ಅವಳ ಪಾಲು ಆರು ಸಾವಿರ.

“ಇನ್ನೊಂದ್ಸಲ ನೋಡ್ತೀರಾ?” ಎಂದು ಕೇಳಿದಳು.

“ಅಮ್ಮಾ, ನೂರು ಸಲ ನೋಡಿದ್ರೂ ಹಾಳೆ ಹಲಗೆ ಆಗಲ್ಲ” ಎಂದೆ. ಚೆನ್ನಾಗಿ ಹೇಳಿದೆ ಎಂದು ನನಗೇ ಅನಿಸಿತು.

ಮುಂದಿನ ವಾರ ಮೇಜು ಒಯ್ಯಲು ಹೋದೆವು. ಮನೆಯ ಬಾಗಿಲು ಕಿರಿದು, ಮೇಲಿನ ಹಲಗೆಯನ್ನು ಕಾಲಿನಿಂದ ಬಿಡಿಸದೆ ಹೊರಗೆ ಬರುವುದಿಲ್ಲ. ಅದಕ್ಕೆಂದು ಪಾಲಿಶಕ್ಕನನ್ನೂ ಕರೆದೊಯ್ದೆ. ಹನ್ನೊಂದು ಗಂಟೆ. ಹನ್ನೆರಡಕ್ಕೆ ಮನೆ ಕೀಲಿ ಕೊಡಬೇಕು. ಮಾಲೀಕನ ಕಡೆಯವನೊಬ್ಬ ಆಗಲೇ ಬಂದು ಮೆಟ್ಟಿಲ ಮೇಲೆ ಕೂತು, ಐದು ನಿಮಿಷಕ್ಕೊಮ್ಮೆ “ಆಯ್ತಾ?” ಎಂದು ಕೂಗುತ್ತಿದ್ದ. ತಂಗಿಗೆ ಇನ್ನೊಂದು ಗಡುವು: ಕೋಣೆ ಬೇಕೋ ಬೇಡವೋ ಸಂಜೆಯೊಳಗೆ ಹೇಳಬೇಕು.

ಅಕ್ಕ ಒಂದು ಸ್ಟೀಲ್ ಲೋಟ, ತಿರುಪುಳಿ, ಟಾರ್ಚು ಹಿಡಿದು ಮೇಜಿನ ಕೆಳಗೆ ತೂರಿಕೊಂಡರು. ನಾನು ರಸೀದಿ ಬರೆದೆ. ಅಣ್ಣ ಗೀಚಿ ಸಹಿ ಹಾಕಿ ಕಾಗದವನ್ನು ತಂಗಿಯ ಕಡೆ ತಳ್ಳಿದ. ಕೆಳಗೆ ಟಣ್ ಎಂದಿತು, ಮೊದಲ ಸ್ಕ್ರೂ ಲೋಟಕ್ಕೆ ಬಿತ್ತು. ಆಮೇಲೆ ಸದ್ದಿಲ್ಲ.

“ಸಾಹುಕಾರ್ರೇ, ಸ್ವಲ್ಪ ಟಾರ್ಚ್ ಹಿಡೀತೀರಾ?”

ಹತ್ತೊಂಬತ್ತು ವರ್ಷದಲ್ಲಿ ಅವರು ನನ್ನನ್ನು ಟಾರ್ಚ್ ಹಿಡಿಯಲು ಕರೆದದ್ದಿಲ್ಲ. ಹಲ್ಲಲ್ಲಿ ಕಚ್ಚಿಕೊಂಡೇ ಕೆಲಸ ಮಾಡುವವರು.  ಪ್ಯಾಂಟಿನ ಇಸ್ತ್ರಿಯನ್ನು ಮರೆತು ಮಂಡಿಯೂರಿ ಕೆಳಗೆ ತೂರಿದೆ.

ಮಾತಿಲ್ಲದೆ ಲೋಟ ತೋರಿಸಿದರು. ಸ್ಕ್ರೂವಿನ ಸುತ್ತುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಅದು ಬಿಟ್ಟುಬಂದ ತೂತಿನ ಬಳಿ ನನ್ನ ಮೂಗು ಹಿಡಿಸಿದರು. ಹಳೆಯ ಚರ್ಮಕ್ಕೆ ಎಣ್ಣೆ ಸವರಿದಂಥ ವಾಸನೆ. ನನ್ನ ಬೆರಳು ಹಿಡಿದು ಕಪ್ಪು ಬಣ್ಣದ ಮೇಲೆ ಎಳೆದರು. ಬಣ್ಣದ ಕೆಳಗೆ ಹಲಗೆಗಳು ಕೂಡಿದ ಒಂದು ಸಣ್ಣ ಏಣು ತಗುಲಿತು, ಒಂದೂಕಾಲು ಅಡಿ ಆಚೆ ಇನ್ನೊಂದು. ಮೂರೇ ಹಲಗೆ ಸೇರಿಸಿ ಇಡೀ ಮೇಜು ಮಾಡಿದ್ದರು. ಅಷ್ಟು ಅಗಲದ ತೇಗದ ಹಲಗೆ ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಕೊನೆಗೆ ಟಾರ್ಚನ್ನು ಅಂಚಿಗೆ ತಿರುಗಿಸಿದರು. ಪಟ್ಟಿ ಒಂದು ಕಡೆ ಉಗುರಿನಷ್ಟು ಬಿಟ್ಟುಕೊಂಡಿತ್ತು. ಅದರ ಹಿಂದೆ ಹಾಳೆಯೂ ಇಲ್ಲ, ಪುಡಿಹಲಗೆಯೂ ಇಲ್ಲ; ನುಗ್ಗುನುಗ್ಗಾದ, ಹಲ್ಲು ಮೂಡಿದ, ಅಚ್ಚ ಮರ.

ನಾನು ಹೇಳಿದ ಬೆಲೆ ತಪ್ಪೆಂದು ಗೊತ್ತಾಯಿತು. ಅದರ ಹಿಂದೆಯೇ, ಹೇಳಲು ನಾಚಿಕೆ, ಲೆಕ್ಕ ಓಡಿತು. ಪಾಲಿಶ್ ಹಾಕಿ ನಿಲ್ಲಿಸಿದರೆ ಒಂದು ಲಕ್ಷದ ಹತ್ತು ಸಾವಿರಕ್ಕೆ ಎರಡು ಮಾತಿಲ್ಲ. ಹನ್ನೆರಡು ಸಾವಿರಕ್ಕೆ ಬರುತ್ತಿದೆ. ಮೋಸ ಮಾಡಲೆಂದು ನಾನು ಬೆಲೆ ಹೇಳಿರಲಿಲ್ಲ, ಕಣ್ತಪ್ಪು. ಕಣ್ತಪ್ಪಿನ ಲಾಭ ಯಾರ ಪಾಲಿಗೂ ಬರಬಹುದಲ್ಲ? ಇಪ್ಪತ್ತು ಸಲ ನನ್ನ ವಿರುದ್ಧ ಆದದ್ದು ಒಮ್ಮೆ ನನ್ನ ಕಡೆಗೆ ಆಗಬಾರದೇ?

“ಅಕ್ಕ, ಸುಮ್ನಿರಿ” ಎಂದು ಪಿಸುಗುಟ್ಟಿದೆ. “ರಸೀದಿ ಒಂದು ಆಗ್ಲಿ.”

ಅವರು ನನ್ನ ಮುಖಕ್ಕೇ ಟಾರ್ಚ್ ಬಿಟ್ಟರು. ಸ್ವಲ್ಪ ಹೊತ್ತು ನೋಡಿದರು, ಪಾಲಿಶ್ ಕೆರೆದಾದ ಮೇಲೆ ಒಳಗಿನ ಮರ ನೋಡುವಂತೆ.

“ಒಟ್ಟು ಎಂಟು ಸ್ಕ್ರೂ. ಒಂದು ಬಿಚ್ಚಿದೀನಿ, ಇನ್ನು ಏಳು ಇವೆ. ಅಷ್ಟರಲ್ಲಿ ನೀವು ಹೇಳಿ. ಇಲ್ಲಾಂದ್ರೆ ಹೊರಗೆ ಬಂದು ನಾನು ಹೇಳ್ತೀನಿ. ನಾನು ಹೇಳಿದ್ರೆ ನೀವು ಕಳ್ಳ ಆಗ್ತೀರ. ನೀವೇ ಹೇಳಿದ್ರೆ ಬರೀ ದಡ್ಡ.”

“ಅಕ್ಕ, ನಿಮ್ಮ ಸಂಬಳ ಕೊಡೋನು ನಾನು.”

“ಗೊತ್ತು. ಟಾರ್ಚ್ ನಾನೇ ಕಚ್ಕೋತೀನಿ, ನೀವು ಹೋಗಿ.”

ಹೊರಗೆ ಬಂದೆ. ಮಂಡಿಗೆ ಧೂಳು ಮೆತ್ತಿತ್ತು. ಅಣ್ಣ ಗಡಿಯಾರ ನೋಡುತ್ತಿದ್ದ. ತಂಗಿ ರಸೀದಿಯನ್ನು ಎರಡು ಕೈಯಲ್ಲಿ ಹಿಡಿದು ಮೊದಲಿನಿಂದ ಓದುತ್ತಿದ್ದಳು.

ಟಣ್. ಎರಡು.

“ಏನಿದೆ ಅದರಲ್ಲಿ ಅಷ್ಟು ಓದೋಕೆ? ನಾಲ್ಕು ಸಾಲು” ಎಂದ ಅಣ್ಣ.

“ನಾನು ಬಟ್ಟೆ ಕತ್ತರಿಸೋಕೆ ಮುಂಚೆ ಎರಡ್ಸಲ ಅಳೀತೀನಿ, ಅಣ್ಣ. ನಿನ್ನ ಹಾಗೆ ಚೀಟಿ ನೋಡಿ ಮಾತ್ರೆ ಎಣಿಸಿ ಕೊಡೋ ಕೆಲಸ ಅಲ್ಲ.”

ಟಣ್.

 ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತು. ಔಷಧಿ ಅಂಗಡಿಯ ಮುಂದೆ ದಿನಕ್ಕೆ ಇನ್ನೂರು ಜನ ನಿಲ್ಲುತ್ತಾರೆ. ಅವನು ಇನ್ನೂರು ಜನಕ್ಕೂ ಮಾತ್ರೆಯ ಜೊತೆ ನನ್ನ ಕಥೆಯನ್ನೂ ಕಟ್ಟಿ ಕೊಡುತ್ತಾನೆ. ಹೇಳದಿದ್ದರೆ? ಅಕ್ಕ ಸುಮ್ಮನೆ ಹೆದರಿಸಿರಬಹುದು. ಇಷ್ಟು ವರ್ಷ ನನ್ನ ಅನ್ನ ತಿಂದವರು. ಈ ಮಾತು ಮನಸ್ಸಿಗೆ ಬಂದ ಕೂಡಲೇ ಇನ್ನೊಂದೂ ಬಂತು: ಯಾರ ದುಡಿಮೆಯ ಅನ್ನವನ್ನು ಯಾರು ತಿಂದರೋ, ಅದರ ಲೆಕ್ಕ ಅಷ್ಟು ಸುಲಭವಿಲ್ಲ.

ಟಣ್. ಸ್ವಲ್ಪ ತಡೆದು ಮತ್ತೊಂದು. ಐದಾದವು.

“ಆಯ್ತಾ?” ಎಂದು ಮೆಟ್ಟಿಲಿನವನು ಕೂಗಿದ.

“ಆಯ್ತು, ಆಯ್ತು!” ಎಂದ ಅಣ್ಣ. “ಸಹಿ ಹಾಕೇ ಬೇಗ.”

ತಂಗಿ ಕಿಟಕಿಯ ಕಟ್ಟೆಯ ಮೇಲೆ ಕಾಗದ ಹರಡಿದಳು. ಪೆನ್ನು ಹಿಡಿದ ಬೆರಳಿನಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳಿದ್ದವು. ನನ್ನ ಕಡೆ ನೋಡಿ, “ನೂರು ಸಲ ನೋಡಿದ್ರೂ ಅಂದ್ರಲ್ಲ, ಆಮೇಲೆ ನಾನು ಆಸೆ ಬಿಟ್ಟೆ. ಕೋಣೆ ಬೇಡ ಅಂತ ಸಂಜೆ ಹೇಳ್ಬಿಡ್ತೀನಿ” ಎಂದಳು. ದೂರುವ ದನಿಯಲ್ಲಿ ಅಲ್ಲ, ನನ್ನ ಮಾತನ್ನು ಪೂರ್ತಿ ನಂಬಿದವರ ದನಿಯಲ್ಲಿ. ಪೆನ್ನಿನ ಮೊನೆ ಕಾಗದ ಮುಟ್ಟಿತು. ಹೆಸರಿನ ಮೊದಲ ಅಕ್ಷರ ಮೂಡಿತು.

ಟಣ್.

“ನಿಲ್ಲಿ” ಎಂದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು. “ಸಹಿ ಬೇಡ. ಇದು ಹಾಳೆ ಅಲ್ಲ. ಗಟ್ಟಿ ತೇಗ. ನಾನು ತಪ್ಪಿದೆ.”

ಮೇಜಿನ ಕೆಳಗೆ ತಿರುಪುಳಿ ನಿಂತಿತು.

ಅಣ್ಣ ನಿಧಾನವಾಗಿ ನನ್ನ ಹತ್ತಿರ ಬಂದ. “ಹೋದ ವಾರ ಹಾಳೆ, ಈ ವಾರ ತೇಗ. ಏಳು ದಿನದಲ್ಲಿ ಬೆಳೀತಾ? ತಪ್ಪಿದ್ದಾ ಸ್ವಾಮಿ, ತಪ್ಪಿಸಿದ್ದಾ?”

“ಅಂಚಿನ ಪಟ್ಟಿ ನೋಡಿ...”

“ಪಟ್ಟಿ ಹೋದ ವಾರಾನೂ ಇತ್ತು! ಇದೆಲ್ಲ ಏನು ಆಟ? ಈಗ ಗಟ್ಟಿ ಅಂದು, ನನ್ನ ತಂಗಿ ಕೈಯಿಂದ ರಿಪೇರಿ, ಪಾಲಿಶು ಅಂತ ಏನಾದ್ರೂ ಕೀಳೋ ಯೋಚನೇನಾ?”

 ಒಬ್ಬ ವ್ಯಾಪಾರಿ ತನ್ನ ಗಿರಾಕಿಗೆ ಹೆಚ್ಚು ಬೆಲೆ ತೆಗೆದುಕೊಳ್ಳಿ ಎಂದು ಅಂಗಲಾಚುವ ಪ್ರಸಂಗಕ್ಕೆ ನನ್ನಲ್ಲಿ ಮಾತುಗಳ ದಾಸ್ತಾನಿರಲಿಲ್ಲ. ಅಷ್ಟರಲ್ಲಿ ಅಕ್ಕ ಕಿರ್ರೆನ್ನುವ ಮಂಡಿ ಊರಿಕೊಂಡು ಹೊರಬಂದರು. ಸೆರಗಿನ ಧೂಳು ಕೊಡವಿ, ಸೊಂಟದಿಂದ ಅಳತೆ ಟೇಪು ತೆಗೆದು ಅಣ್ಣನ ಕೈಗಿಟ್ಟರು.

“ನಮ್ಮ ಸಾಹುಕಾರ್ರನ್ನ ನಂಬಬೇಡಿ. ನನ್ನನ್ನೂ ನಂಬಬೇಡಿ. ನೀವೇ ಅಳೀರಿ. ಮರದ ಎಳೆ ಹೋಗಿರೋ ಉದ್ದಕ್ಕೆ ಒಂದ್ಸಲ, ಅದಕ್ಕೆ ಅಡ್ಡ ಒಂದ್ಸಲ.”

“ದುಂಡಗಿರೋದನ್ನ ಯಾವ ಕಡೆಯಿಂದ ಅಳೆದ್ರೂ ಒಂದೇ ಅಲ್ವೇನಮ್ಮಾ?”

“ಅದನ್ನೇ ಅಳೆದು ಹೇಳಿ.”

ಮೇಲಿದ್ದ ಫ್ಯಾನು, ಕಂಬಳಿ ನೆಲಕ್ಕಿಳಿದವು. ಉದ್ದಕ್ಕೆ ನಲವತ್ತೆಂಟು ಅಂಗುಲ. ಅಡ್ಡಕ್ಕೆ ಅಳೆದ, ಹುಬ್ಬು ಗಂಟಿಕ್ಕಿದ, ಮತ್ತೆ ಅಳೆದ. ತಂಗಿ ಟೇಪಿನ ಇನ್ನೊಂದು ತುದಿ ಒತ್ತಿ ಹಿಡಿದು, “ಸರಿಯಾಗಿ ಎಳಿ, ಅಣ್ಣ, ಸಡಿಲ ಬಿಡ್ಬೇಡ” ಎಂದಳು. ಮೂರನೆಯ ಸಲವೂ ನಲವತ್ತೇಳೂವರೆ.

“ಅಚ್ಚ ಮರ ವರ್ಷ ಕಳೆದ ಹಾಗೆ ಅಡ್ಡಕ್ಕೆ ಕುಗ್ಗುತ್ತೆ, ಉದ್ದಕ್ಕೆ ಕುಗ್ಗಲ್ಲ” ಎಂದರು ಅಕ್ಕ. “ಅದಕ್ಕೇ ಹಳೇ ದುಂಡು ಮೇಜು ಯಾವತ್ತೂ ಪೂರ್ತಿ ದುಂಡಗಿರಲ್ಲ. ಹಾಳೆ ಮೇಜಾಗಿದ್ರೆ ಹುಟ್ಟಿದ ದಿನ ಹೇಗಿತ್ತೋ ಇವತ್ತೂ ಹಾಗೇ ಇರ್ತಿತ್ತು. ಅಂಚು ಹಲ್ಲುಹಲ್ಲಾಗಿದೆ, ಅದನ್ನ ಮುಚ್ಚೋಕೆ ಯಾರೋ ಪಟ್ಟಿ ಹೊಡೆಸಿದಾರೆ.”

ತಂಗಿ ಟೇಪಿನಿಂದ ಕೈ ತೆಗೆದಳು. “ಅಪ್ಪ” ಎಂದಳು. “ರಟ್ಟು ಬಿಗಿಯೋ ಕಬ್ಬಿಣದ ಹಿಡಿ ಈ ಅಂಚಿಗೇ ಹಾಕ್ತಿದ್ರು. ನಾನು ಹೊಲಿಗೆ ಕಲೀವಾಗ ಬಟ್ಟೆಯೆಲ್ಲ ಇಲ್ಲಿ ಸಿಕ್ಕಾಕೊಂಡು ಹರೀತಿತ್ತು. ಒಂದಿನ ಯಾರನ್ನೋ ಕರ್ಕೊಂಡು ಬಂದು ಸುತ್ತ ಪಟ್ಟಿ ಹೊಡೆಸಿದ್ರು.”

ಅಣ್ಣ ಟೇಪು ಸುತ್ತಿ ಅಕ್ಕನ ಕೈಗೆ ಕೊಟ್ಟ. 

“ಎಷ್ಟು?” ಎಂದು ಅಣ್ಣ ನನ್ನನ್ನು ಕೇಳಿದ.

ಅಕ್ಕ ಗೋಡೆ ನೋಡುತ್ತಿದ್ದರು. ಬೆಲೆ ಹೇಳುವುದು ನನ್ನ ಪಾಲಿನ ಕೆಲಸ. “ಎಂಬತ್ತು ಸಾವಿರ. ಇವತ್ತೇ ಕೊಡ್ತೀನಿ.”

ಅವನು ನಂಬಲಿಲ್ಲ, ನಂಬುವ ಕಾರಣವೂ ಇರಲಿಲ್ಲ. ಫೋನ್ ಮಾಡಿ ನಮ್ಮದೇ ಬೀದಿಯ ಇನ್ನೊಬ್ಬ ವ್ಯಾಪಾರಿಯನ್ನು ಕರೆಸಿದ. ಆ ಪುಣ್ಯಾತ್ಮ ಬರಲು ತೆಗೆದುಕೊಂಡ ಇಪ್ಪತ್ತು ನಿಮಿಷ ನನ್ನ ಆಯಸ್ಸಿನಲ್ಲಿ ಎರಡು ವರ್ಷ ತಿಂದಿರಬೇಕು. ಅವನು ಬಂದ, ಹೆಬ್ಬೆರಳನ್ನು ಅಂಚಿಗಿಟ್ಟ, ಮುಖ ಸಿಂಡರಿಸಿದ. ಅಕ್ಕ ಬಿಚ್ಚಿದ ಸ್ಕ್ರೂ ತೋರಿಸಿದ ಮೇಲೆ ಕೆಳಗೆ ಬಗ್ಗಿ, ಎದ್ದು, “ಎಪ್ಪತ್ತೆರಡು” ಎಂದ. ಆಮೇಲೆ ನನ್ನ ಕಡೆ ಕಣ್ಣು ಮಿಟುಕಿಸಿ, “ಇವರು ಎಷ್ಟು ಅಂದಿದ್ರು?” ಎಂದು ಅಣ್ಣನನ್ನು ಕೇಳಿದ.

ಅಣ್ಣ ಬಾಯಿ ತೆರೆದ. ಹನ್ನೆರಡು ಎಂಬ ಒಂದು ಮಾತು ಹೊರಬಿದ್ದಿದ್ದರೆ, ಸಂಜೆಯೊಳಗೆ ನಮ್ಮ ಬೀದಿಯುದ್ದಕ್ಕೂ ನನ್ನ ಹೆಸರಿನ ಹರಾಜು ನಡೆಯುತ್ತಿತ್ತು.

“ಎಂಬತ್ತು ಅಂದಿದಾರೆ” ಎಂದರು ಅಕ್ಕ, ಅಣ್ಣನ ಮುಖವನ್ನೇ ನೋಡುತ್ತ. “ಈಗಷ್ಟೇ ಅಂದ್ರು. ಅಲ್ವಾ?”

ಅಣ್ಣ ನನ್ನನ್ನು ನೋಡಿದ, ತಂಗಿಯನ್ನು ನೋಡಿದ. “ಹೌದು. ಎಂಬತ್ತು” ಎಂದ.

ಹಳೆಯ ರಸೀದಿಯನ್ನು ತಂಗಿಯೇ ಹರಿದಳು. ಹೊಸದಕ್ಕೂ ಅವಳು ಮೊದಲಿನಿಂದ ಕೊನೆಯವರೆಗೆ ಓದಿಯೇ ಸಹಿ ಹಾಕಿದ್ದು. ಅಕ್ಕ ಉಳಿದ ಎರಡು ಸ್ಕ್ರೂ ಬಿಚ್ಚಿದರು. ಹಲಗೆ ಬಾಗಿಲಿನಿಂದ ಹೊರಗೆ ಬಂದಾಗ ಹನ್ನೆರಡು ದಾಟಿ ಹತ್ತು ನಿಮಿಷ. ಮೂರು ಮಹಡಿ ಇಳಿಸುವಷ್ಟರಲ್ಲಿ ತಂಗಿ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ನಿಂತು ಫೋನಿನಲ್ಲಿ ಕೋಣೆಯ ಮಾಲೀಕನ ಜೊತೆ ಮಾತಾಡುತ್ತಿದ್ದಳು, ಕಿಟಕಿ ಯಾವ ದಿಕ್ಕಿಗಿದೆ ಎಂದು ಕೇಳುತ್ತಿದ್ದಳು.

ಟೆಂಪೋದಲ್ಲಿ ಅಕ್ಕ ಮೇಜಿನ ಹಲಗೆಗೆ ಹಳೆಯ ಕಂಬಳಿ ಹೊದಿಸಿ, ಅದಕ್ಕೆ ಒರಗಿ ಕೂತಿದ್ದರು. ನಾನು ಮುಖ ತಿರುಗಿಸಿಕೊಂಡೇ ಕೇಳಿದೆ, “ನಿಜವಾಗ್ಲೂ ಹೇಳ್ಬಿಡ್ತಿದ್ರಾ?”

“ಹೇಳದೆ? ಏಳನೇದಕ್ಕೆ ತಿರುಪುಳಿ ಹಾಕಿದ್ದೆ.” ಸ್ವಲ್ಪ ದೂರ ಹೋದ ಮೇಲೆ ಸೇರಿಸಿದರು, “ಐದನೇದನ್ನ ಬೇಕಂತಲೇ ನಿಧಾನ ಮಾಡಿದೆ. ನಿಮಗೆ ಹೊತ್ತು ಸಾಲ್ತಿಲ್ಲ ಅನ್ನಿಸ್ತು.”

ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಶೆಡ್ಡಿನಲ್ಲಿ ಇತರರ ಮುಂದೆ ಅವರು ನನ್ನನ್ನು ಸಾವಿರ ವಿಷಯಕ್ಕೆ ಆಡಿಕೊಂಡಿದ್ದಾರೆ: ನನ್ನ ಹೊಟ್ಟೆ, ನನ್ನ ಜಿಪುಣತನ, ಕೂದಲಿಗೆ ನಾನು ಹಾಕುವ ಬಣ್ಣ. ಇದೊಂದನ್ನು ಮಾತ್ರ ಆಡಿಕೊಂಡಿಲ್ಲ. ಆ ಮೇಜು ಮಾರಿದ ಮೇಲೆ ಎರಡು ವರ್ಷಕ್ಕೆ ಔಷಧಿ ಅಂಗಡಿಯವನು ತನ್ನ ಮಾವನ ಮನೆಯ ಸಾಮಾನುಗಳಿಗೆ ಬೆಲೆ ಕಟ್ಟಲು ನನ್ನನ್ನೇ ಕರೆದ. ಅಲ್ಲಿಂದ ಅವನ ಷಡ್ಡಕ, ಷಡ್ಡಕನ ನೆರೆಯವರು. ಈಗ ಈ ಭಾಗದಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ, ಸಾಮಾನಿನ ಬೆಲೆಗೆ ನನ್ನ ಮಾತೇ ಕೊನೆ ಎನ್ನುತ್ತಾರೆ. ನಾನೂ ಎರಡು ಕಡೆ ಅಳೆಯದೆ ಬಾಯಿ ಬಿಡುವುದಿಲ್ಲ.

ಪಾಲಿಶಕ್ಕನಿಗೆ ಈಗ ಅರವತ್ತಮೂರು. ಮೇಜಿನ ಕೆಳಗೆ ತೂರಲು ಮಂಡಿ ಬಿಡುವುದಿಲ್ಲ. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮೇಜುಗಳನ್ನೇ ತಲೆಕೆಳಗು ಮಾಡಿಸಿ ತಮ್ಮ ಮುಂದೆ ನಿಲ್ಲಿಸಿಕೊಳ್ಳುತ್ತಾರೆ. ಸಂಬಳ ತಿಂಗಳ ಒಂದನೇ ತಾರೀಕಿಗೆ ತಪ್ಪದೆ ಕೊಟ್ಟಿದ್ದೇನೆ, ಅದರಲ್ಲಿ ಬಾಕಿಯಿಲ್ಲ.

ಆ ಬೆಳಿಗ್ಗೆ ಸತ್ಯ ಗೊತ್ತಿದ್ದೂ ನಾನು ಸುಮ್ಮನಿರಲು ಹೊರಟಿದ್ದೆ. ಅದನ್ನು ನಾನೇ ಹೇಳಲು ಅವರು ನನಗೆ ಅವಕಾಶ ಕೊಟ್ಟರು, ಕೊಟ್ಟದ್ದನ್ನು ಯಾರಿಗೂ ತಿಳಿಸಲಿಲ್ಲ. ಜನ ನನ್ನ ಮಾತಿನ ಮೇಲೆ ಇಟ್ಟಿರುವ ನಂಬಿಕೆಗೆ ನಾನು ಅವರಿಗೆ ಋಣಿ. ಇದನ್ನು ಅವರೆದುರು ನಾನು ಇನ್ನೂ ಹೇಳಿಲ್ಲ.